ಚಿರತೆ ಎಷ್ಟು ಅಡ್ಜಸ್ಟ್ ಮಾಡಿಕೊಳ್ಳುತ್ತದೆ?

ಮದ್ದೂರಿನ ಕಡೆ ನಮ್ಮ ದೊಡ್ಡಪ್ಪನ ಜಮೀನಿದೆ. ಜಾಸ್ತಿ ಏನಿಲ್ಲ, ಮೂರೂವರೆ ಎಕರೆ. ಅದರಲ್ಲಿ ಎರಡು ಎಕರೆ ಕಬ್ಬು. ಒಂದು ಬೆಳಿಗ್ಗೆ ನಾಲೆ ಏರಿ ಮೇಲೆ ನಡೆಯುತ್ತಿದ್ದಾಗ ಹಸಿ ಮಣ್ಣಿನಲ್ಲಿ ಹೆಜ್ಜೆಗುರುತು ಕಂಡಿತು. ನಾಯಿಯದ್ದು ಅಂದುಕೊಂಡು ದಾಟಿ ಹೋದವನು, ಯಾಕೋ ಅನುಮಾನ ಬಂದು ವಾಪಸ್ ಬಂದು ಕೂತು ನೋಡಿದೆ. ನಾಲ್ಕು ಬೆರಳು, ಅದರ ಹಿಂದೆ ಅಗಲವಾದ ಮೆತ್ತೆ. ನಾಯಿಯ ಹೆಜ್ಜೆಯಲ್ಲಿ ಬೆರಳಿನ ಮುಂದೆ ಉಗುರು ಚುಚ್ಚಿದ ಚುಕ್ಕಿ ಇರುತ್ತದೆ. ಇದರಲ್ಲಿ ಇರಲಿಲ್ಲ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತವೆ. ಬೆಕ್ಕೇ ಇರಬೇಕು, ಆದರೆ ಹೆಜ್ಜೆ ನನ್ನ ಅಂಗೈಯಷ್ಟು ಅಗಲವಿತ್ತು.

ಓಡಿ ಹೋಗಿ ದೊಡ್ಡಪ್ಪನಿಗೆ ಹೇಳಿದೆ. ಅವರು ಹಲ್ಲುಜ್ಜುವುದನ್ನೂ ನಿಲ್ಲಿಸಲಿಲ್ಲ. "ಅದು ದಿನಾ ಬತ್ತದೆ ಕಣ್ಲಾ. ನೀನು ಇವತ್ತು ನೋಡ್ದೆ, ಅಷ್ಟೆಯ."

ಚಿಕ್ಕಂದಿನಿಂದ ಪ್ರತಿ ರಜೆಯಲ್ಲೂ ನಾನು ಓಡಾಡಿದ ಏರಿ ಅದು. ಅಲ್ಲೇ ಇನ್ನೊಂದು ಜೀವವೂ ಓಡಾಡುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಅದಕ್ಕೆ ಮಾತ್ರ ನನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತೇನೋ.

ನಮ್ಮ ಕಡೆ ಹಿರಿಯರು ಚಿರತೆಯನ್ನು ಕಿರುಬ ಅನ್ನುತ್ತಾರೆ. ಕತ್ತೆಕಿರುಬ ಅಂದರೆ ಅದು ಬೇರೆ ಪ್ರಾಣಿ. ಸುಮ್ನೆ ಕಿರುಬ ಅಂದರೆ ಚಿರತೆ. 2024ರಲ್ಲಿ ಬಂದ ಕೇಂದ್ರ ಸರ್ಕಾರದ ವರದಿಯ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಈ ಲೆಕ್ಕ ಮುಖ್ಯವಾಗಿ ಕಾಡುಗಳದ್ದು. ನಮ್ಮ ದೊಡ್ಡಪ್ಪನ ಕಬ್ಬಿನ ಗದ್ದೆಯಂಥ ಜಾಗಗಳ ಪೂರ್ತಿ ಲೆಕ್ಕ ಇದರಲ್ಲಿ ಸೇರಿಲ್ಲ.

ಪ್ರಾಣಿಗಳಿಂದ ಜೀವನದ ಪಾಠ ಹೇಳುವ ಮೆಸೇಜುಗಳು ನಿಮಗೂ ಬರುತ್ತಿರಬಹುದು. ಅದರಲ್ಲಿ ಹದ್ದಿನದ್ದು ತುಂಬಾ ಓಡಾಡಿದೆ. ನಲವತ್ತು ವರ್ಷಕ್ಕೆ ಹದ್ದು ಬೆಟ್ಟದ ಮೇಲೆ ಹೋಗಿ, ಕೊಕ್ಕನ್ನು ಬಂಡೆಗೆ ಕುಟ್ಟಿ ಕಿತ್ತುಹಾಕಿ, ಹೊಸ ಕೊಕ್ಕು ಬೆಳೆಸಿಕೊಂಡು ಮತ್ತೆ ಮೂವತ್ತು ವರ್ಷ ಬದುಕುತ್ತದಂತೆ. ಶುದ್ಧ ಸುಳ್ಳು. ಕೊಕ್ಕು ಕಳೆದುಕೊಂಡ ಹದ್ದು ಉಪವಾಸ ಬಿದ್ದು ಸಾಯುತ್ತದೆ ಅಷ್ಟೆ. ಪಾಠ ಕಲಿಯುವುದೇ ಆದರೆ ಪ್ರಾಣಿ ನಿಜವಾಗಿ ಏನು ಮಾಡುತ್ತದೆ ಅಂತ ಮೊದಲು ನೋಡಬೇಕಲ್ವಾ? ಬೆಂಗಳೂರಿನ ಬಸ್ಸಿನಲ್ಲಿ ಕೇಳುವ "ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನುವ ಮಾತಿಗೆ ಚಿರತೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದು ಯಾವುದರಲ್ಲಿ ಅಡ್ಜಸ್ಟ್ ಮಾಡಿಕೊಳ್ಳುತ್ತದೆ, ಯಾವುದರಲ್ಲಿ ಜಪ್ಪಯ್ಯ ಅಂದರೂ ಮಾಡಿಕೊಳ್ಳುವುದಿಲ್ಲ ಅನ್ನುವುದೇ ಇಲ್ಲಿನ ವಿಷಯ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪ್ರಾಣಿ ಪರಿಸರಕ್ಕೆ ಹೊಂದಿಕೊಳ್ಳುತ್ತದೆ ಅನ್ನುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಒಂದು ಪಿತ್ರಾರ್ಜಿತ, ಇನ್ನೊಂದು ಸ್ವಯಾರ್ಜಿತ.

ಮೈಮೇಲಿನ ಚುಕ್ಕೆ, ಕತ್ತಲಲ್ಲಿ ಕಾಣುವ ಕಣ್ಣು, ಸದ್ದಿಲ್ಲದ ಪಾದ ಇವೆಲ್ಲ ಪಿತ್ರಾರ್ಜಿತ. ಯಾವ ಚಿರತೆಯೂ ಕೂತು ಯೋಚಿಸಿ ಚುಕ್ಕೆ ಹಾಕಿಸಿಕೊಂಡಿಲ್ಲ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನಲ್ಲಿ ಯಾವುದು ಚೆನ್ನಾಗಿ ಕರಗಿಹೋಯಿತೋ ಅದಕ್ಕೆ ಬೇಟೆ ಸಿಕ್ಕಿತು, ಅದರ ಮರಿಗಳು ಉಳಿದವು. ಹೀಗೆ ಸಾವಿರಾರು ತಲೆಮಾರು. ಕಬಿನಿಯ ಕರಿಚಿರತೆಯ ಫೋಟೋ ನೋಡಿರುತ್ತೀರಿ. ಅದು ಬೇರೆ ಜಾತಿಯಲ್ಲ, ಚಿರತೆಯೇ. ಕಪ್ಪು ಬಣ್ಣದ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮರಿ ಕಪ್ಪಾಗುತ್ತದೆ. ಓರೆ ಬಿಸಿಲು ಬಿದ್ದಾಗ ಆ ಕಪ್ಪಿನೊಳಗೂ ಚುಕ್ಕೆಗಳು ಕಾಣುತ್ತವೆ. ಕಪ್ಪು ಚಿರತೆಗಳು ಜಾಸ್ತಿ ಕಾಣುವುದು ಮಳೆ ಜೋರಾಗಿರುವ ದಟ್ಟ ಕಾಡುಗಳಲ್ಲಿ. ಮಲೇಷ್ಯಾ ಕಡೆಯ ಮಲಯಾ ಪರ್ಯಾಯದ್ವೀಪದ ದಕ್ಷಿಣ ಭಾಗದಲ್ಲಂತೂ ಹೆಚ್ಚುಕಮ್ಮಿ ಎಲ್ಲವೂ ಕಪ್ಪೇ. ಒಣ ಬಯಲಿನಲ್ಲಿ ಅದೇ ಬಣ್ಣ ಅಪರೂಪ.

ಸ್ವಯಾರ್ಜಿತ ಅಂದರೆ ಒಂದು ಚಿರತೆ ತನ್ನ ಆಯಸ್ಸಿನಲ್ಲೇ ಕಲಿಯುವುದು. ಯಾವ ಬೇಲಿ ದಾಟಬಹುದು, ಯಾವ ಮನೆಯ ನಾಯಿ ಕಟ್ಟಿಹಾಕಿರುವುದಿಲ್ಲ, ಟ್ರ್ಯಾಕ್ಟರ್ ಎಷ್ಟು ಹೊತ್ತಿಗೆ ಹೋಗುತ್ತದೆ. ಮರಿ ಸುಮಾರು ಒಂದೂವರೆ ವರ್ಷ ತಾಯಿಯ ಹಿಂದೆ ಸುತ್ತುತ್ತಾ ಇದನ್ನೆಲ್ಲ ಕಲಿಯುತ್ತದೆ. ನಾವು ಮನುಷ್ಯರು ನಿಜವಾಗಿ ಕದಿಯಬಹುದಾದ ವಿದ್ಯೆ ಇದ್ದರೆ ಅದು ಈ ಎರಡನೆಯದರಲ್ಲಿದೆ. ಹುಟ್ಟಿನಿಂದ ಬಂದದ್ದಕ್ಕೆ ಶಭಾಷ್ ಹೇಳುವುದರಲ್ಲಿ ಅರ್ಥವಿಲ್ಲ.

ಈಗ ನಾಗರಹೊಳೆಗೆ ಬನ್ನಿ. ಅಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿವೆ. ಹುಲಿಗೆ ಚಿರತೆ ಸಿಕ್ಕರೆ ಕೊಂದೇ ಹಾಕಬಹುದು. ಸೀಳುನಾಯಿಗಳು ಹಿಂಡಾಗಿ ಬಂದರೆ ಚಿರತೆ ಮರ ಹತ್ತಬೇಕು. ಹಾಗಾದರೆ ನಡುವೆ ಸಿಕ್ಕಿಕೊಂಡ ಇದು ಬದುಕುವುದು ಹೇಗೆ? ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಹುಲಿ ಹೊಡೆದ ಪ್ರಾಣಿಗಳ ಸರಾಸರಿ ತೂಕ 91.5 ಕೆ.ಜಿ. ಸೀಳುನಾಯಿಗಳದ್ದು 43.4. ಚಿರತೆಯದ್ದು 37.6. ಕಾಟಿ, ಕಡವೆಯಂಥ ದೊಡ್ಡ ಊಟ ಹುಲಿಗೆ. ಚಿರತೆ ಅದರ ತಂಟೆಗೆ ಹೋಗದೆ ಜಿಂಕೆ, ಸಣ್ಣ ಹಂದಿಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಸಿಕ್ಕಿದ್ದನ್ನು ಬೇಕಾದರೆ ಮರದ ಕವಲಿಗೆ ಎತ್ತಿಟ್ಟುಕೊಳ್ಳುತ್ತದೆ. ಕಾಡು ತುಂಬಾ ಬೇಟೆ ಇದ್ದಾಗ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಮದ್ದೂರು ಸಂತೆ. ಮಂಡಿಯವರು ಮೂಟೆ ಲೆಕ್ಕದಲ್ಲಿ ಕೂಗಾಡುತ್ತಿದ್ದರೆ, ಪಕ್ಕದಲ್ಲೇ ಗೋಣಿತಾಟು ಹಾಸಿಕೊಂಡ ಅಜ್ಜಿ ಕೊತ್ತಂಬರಿ ಕಟ್ಟು ಮಾರಿ ಸಂಜೆಗೆ ಬುಟ್ಟಿ ಖಾಲಿ ಮಾಡಿಕೊಂಡು ಹೋಗುತ್ತಾಳೆ. ಮಂಡಿಯವನ ಜೊತೆ ಅವಳದು ಪೈಪೋಟಿಯೂ ಇಲ್ಲ, ಸ್ನೇಹವೂ ಇಲ್ಲ. ಅವನು ಬಗ್ಗಿ ಎತ್ತಿಕೊಳ್ಳದ ವ್ಯಾಪಾರ ಅವಳದು.

ಆದರೆ ಚಿರತೆಯ ಜಾಣತನ ನಿಜವಾಗಿ ಗೊತ್ತಾಗುವುದು ಕಾಡು ಮುಗಿದ ಮೇಲೆ. ಮಹಾರಾಷ್ಟ್ರದ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯಲ್ಲಿ ಅಕೋಲೆ ಅನ್ನುವ ಊರಿದೆ. ಸುತ್ತ ಕಬ್ಬು, ತರಕಾರಿ, ಮನೆಗಳು. ಕಾಡುಪ್ರಾಣಿ ಅನ್ನುವಂಥ ಬೇಟೆ ಇಲ್ಲವೇ ಇಲ್ಲ ಅನ್ನಬಹುದು. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಅವರ ತಂಡ ಇಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 100 ಚದರ ಕಿ.ಮೀ.ಗೆ ಸುಮಾರು 5 ದೊಡ್ಡ ಚಿರತೆಗಳು ಸಿಕ್ಕವು. ದಾರಿ ತಪ್ಪಿ ಬಂದವಲ್ಲ, ಅಲ್ಲೇ ಸಂಸಾರ ಹೂಡಿದವು. ತಿನ್ನುವುದೇನು ಅಂತ ತಿಳಿಯಲು ಅವುಗಳ ಹಿಕ್ಕೆ ಆರಿಸಿ, ಅದರಲ್ಲಿ ಉಳಿದ ಕೂದಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಯಾವ ಪ್ರಾಣಿಯದ್ದು ಅಂತ ಗುರುತಿಸಿದರು. ತೂಕದ ಲೆಕ್ಕದಲ್ಲಿ ಆಹಾರದ 87% ಸಾಕುಪ್ರಾಣಿ. ಸಾಕುಪ್ರಾಣಿ ಅಂದ ತಕ್ಷಣ ಹಸು, ಕುರಿ ಅಂದುಕೊಳ್ಳಬೇಡಿ. ನಾಯಿಯೇ 39%. ಆಮೇಲೆ ಬೆಕ್ಕು, 15%. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲೂ ಚಿರತೆಗಳು ಬೀದಿನಾಯಿಗಳನ್ನು ಹಿಡಿಯುತ್ತವೆ. ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ. ನಮ್ಮ ಊರುಗಳ ತಿಪ್ಪೆಯೇ ಅದರ ಊಟದ ಅಂಗಡಿ ಅಂದರೂ ತಪ್ಪಿಲ್ಲ.

ಹೀಗೆ ಊಟ ಬದಲಾಯಿಸಿತು. ಸಮಯವನ್ನೂ ಬದಲಾಯಿಸಿತು. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ ಐದು ಚಿರತೆಗಳ ಓಡಾಟದ ಲೆಕ್ಕ 2014ರಲ್ಲಿ ಪ್ರಕಟವಾಯಿತು. ರಾತ್ರಿ ಅವು ಗಂಟೆಗೆ ಸರಾಸರಿ 339 ಮೀಟರ್ ಸರಿದಾಡುತ್ತಿದ್ದವು, ಹಗಲಿನಲ್ಲಿ ಬರೀ 60. ಅಂದರೆ ಹಗಲೆಲ್ಲ ಬಿದ್ದಲ್ಲೇ ಬಿದ್ದಿರುವುದು. ಜನ ಜಾಸ್ತಿ ಇರುವ ಕಡೆ ಇದ್ದ ಮೂರು ಚಿರತೆಗಳು ರಾತ್ರಿಯ ಹೊತ್ತಿನಲ್ಲಿ ಐದರಲ್ಲೊಂದು ಸಲ ಯಾವುದೋ ಮನೆಯಿಂದ 25 ಮೀಟರಿನೊಳಗೆ ಇದ್ದವು. ಹಗಲಲ್ಲಿ ಹಾಗೆ ಹತ್ತಿರ ಇದ್ದದ್ದು ನೂರಕ್ಕೆ ಒಂದು ಸಲವೂ ಇಲ್ಲ. 25 ಮೀಟರ್ ಅಂದರೆ ಎಷ್ಟು ಅಂತ ಒಮ್ಮೆ ನಿಮ್ಮ ಹಿತ್ತಲಲ್ಲಿ ಹೆಜ್ಜೆ ಹಾಕಿ ನೋಡಿ. ನಾನು ನೋಡಿದೆ. ಬಚ್ಚಲಿಂದ ಹುಲ್ಲಿನ ಬಣವೆಗೆ ಅಷ್ಟು ದೂರ. ಇನ್ನೊಂದು ಚಿರತೆ ಇದ್ದದ್ದು ಜನ ಕಡಿಮೆ ಇರುವ ಜಾಗದಲ್ಲಿ. ಅದು ಹಗಲೂ ರಾತ್ರಿಯೂ ಮನೆಗಳ ಹತ್ತಿರ ಸುಳಿಯಲಿಲ್ಲ. ಬೇಕಿಲ್ಲದಿದ್ದರೆ ನಮ್ಮ ಸಹವಾಸ ಅದಕ್ಕೂ ಬೇಡ.

ಇದು ಚಿರತೆಯೊಂದರದೇ ಕಥೆಯೂ ಅಲ್ಲ. ಆರು ಖಂಡಗಳ 62 ಜಾತಿಯ ಪ್ರಾಣಿಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2018ರಲ್ಲಿ ನೋಡಿದಾಗ, ಮನುಷ್ಯರ ಕಾಟ ಇರುವ ಕಡೆ ಅವುಗಳ ರಾತ್ರಿ ಓಡಾಟ ಸರಾಸರಿ 1.36 ಪಟ್ಟು ಜಾಸ್ತಿಯಾಗಿತ್ತು. ಹಗಲು ಅರ್ಧ, ರಾತ್ರಿ ಅರ್ಧ ಓಡಾಡುತ್ತಿದ್ದ ಪ್ರಾಣಿ ನೂರರಲ್ಲಿ 68 ಪಾಲು ರಾತ್ರಿಗೆ ಸರಿಯಿತು ಅಂತ ಲೆಕ್ಕ. ನಾವು ಜಾಗ ಹಂಚಿಕೊಳ್ಳಲು ಒಪ್ಪದಿದ್ದಾಗ ಅವು ಗಡಿಯಾರ ಹಂಚಿಕೊಂಡವು. ಒಂದೇ ರೂಮಿನಲ್ಲಿ ಡೇ ಶಿಫ್ಟಿನವನೂ ನೈಟ್ ಶಿಫ್ಟಿನವನೂ ಒಂದೇ ಮಂಚ ಇಟ್ಟುಕೊಂಡು ಬಾಡಿಗೆ ಉಳಿಸಿದ ಹಾಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ವರ್ಷ ನಾನೂ ಹಾಗೆ ಇದ್ದೆ. ನನ್ನ ರೂಮ್‌ಮೇಟಿನ ಮುಖ ನೋಡುತ್ತಿದ್ದದ್ದು ಭಾನುವಾರ ಮಾತ್ರ. ಜಗಳವೇ ಆಗಲಿಲ್ಲ.

ಇಷ್ಟು ಓದಿದರೆ ಚಿರತೆ ಎಲ್ಲದಕ್ಕೂ ಸೈ ಅನ್ನುವ ಪ್ರಾಣಿ ಅನ್ನಿಸಬಹುದು. ಅಲ್ಲ. ಅದು ಬಿಟ್ಟುಕೊಡದ ವಿಷಯಗಳೂ ಇವೆ. ಒಂದು, ಮರೆ. ತಿನ್ನುವುದು ಏನೇ ಆಗಲಿ, ಹಗಲು ಮೈ ಮರೆಸಿಕೊಳ್ಳಲು ಒಂದು ಜಾಗ ಬೇಕೇ ಬೇಕು. ರಾಮನಗರ, ತುಮಕೂರು, ಬಳ್ಳಾರಿ ಕಡೆ ಅದಕ್ಕೆ ಬಂಡೆಗುಡ್ಡಗಳಿವೆ. ನಮ್ಮ ಕಡೆ ಕಬ್ಬು. ಕಬ್ಬು ಒಂದು ವರ್ಷದ ಬೆಳೆ. ಕಡಿದ ಮೇಲೆ ಕೂಳೆ ಬಿಟ್ಟರೆ ಅಲ್ಲೇ ಮತ್ತೆ ಚಿಗುರುತ್ತದೆ. ಒಳಗೆ ತಂಪು, ಪಕ್ಕದಲ್ಲಿ ನಾಲೆ, ನೀರು ಬಿಡಲು ಹೋಗುವವರನ್ನು ಬಿಟ್ಟರೆ ಜನರೂ ಕಡಿಮೆ. ಚಿರತೆಗೆ ಇದು ಕಾಡೋ ಗದ್ದೆಯೋ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಪಹಣಿ ನೋಡುವುದು ನಾವು.

ಇನ್ನೊಂದು, ಅದರ ಸ್ವಂತ ಸೀಮೆ. ಇದು ನಮಗೆ ಅರ್ಥವಾಗಲು ತುಂಬಾ ದಿನ ಹಿಡಿಯಿತು, ಅದಕ್ಕೆ ಬೆಲೆಯನ್ನೂ ಕೊಟ್ಟೆವು. ಊರ ಹತ್ತಿರ ಚಿರತೆ ಕಂಡರೆ ನಾವು ಮಾಡುವುದೇನು? ಬೋನು ಇಡಿಸುವುದು, ಬಿದ್ದರೆ ದೂರದ ಕಾಡಿಗೆ ಬಿಟ್ಟು ಬರುವುದು. ಮಹಾರಾಷ್ಟ್ರದ ಜುನ್ನರ್ ಕಡೆ 2001ರಿಂದ ಹೀಗೆ ದೊಡ್ಡ ಪ್ರಮಾಣದಲ್ಲಿ ಹಿಡಿದು ಕಾಡಿಗೆ ಬಿಟ್ಟರು. ಅದಕ್ಕೆ ಮೊದಲು ಆ ಭಾಗದಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿತ್ತು. ಆಮೇಲೆ ಅದು 17ಕ್ಕೆ ಏರಿತು, ಸಾವಿನಲ್ಲಿ ಮುಗಿಯುವ ದಾಳಿಗಳ ಪಾಲೂ ದುಪ್ಪಟ್ಟಾಯಿತು. ಸ್ವಲ್ಪ ಯೋಚಿಸಿದರೆ ಆಶ್ಚರ್ಯವಿಲ್ಲ. ತನ್ನ ಸೀಮೆಯಲ್ಲಿ ಚಿರತೆಗೆ ಯಾರನ್ನು ಯಾವಾಗ ತಪ್ಪಿಸಿಕೊಂಡು ಹೋಗಬೇಕು ಅಂತ ಗೊತ್ತು. ಬೋನಿನಲ್ಲಿ ಜನರ ಗದ್ದಲ ಕಂಡು, ಗಾಯ ಮಾಡಿಕೊಂಡು, ಗುರುತಿಲ್ಲದ ಜಾಗದಲ್ಲಿ ಇಳಿದರೆ ಆ ವಿದ್ಯೆಯೆಲ್ಲ ಸೊನ್ನೆ. ಸ್ವಯಾರ್ಜಿತ ಆಸ್ತಿಯನ್ನು ನಾವೇ ಕಿತ್ತುಕೊಂಡ ಹಾಗಾಯಿತು. ಅತ್ತ ಅದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ, ಹಲವು ಸಲ ಎಳೆಯದು, ಅನುಭವ ಇಲ್ಲದ್ದು.

ಅಜೋಬಾ ಅನ್ನುವ ಗಂಡು ಚಿರತೆಯ ಕಥೆ ಗೊತ್ತಿರಬಹುದು. ಅಜೋಬಾ ಅಂದರೆ ಮರಾಠಿಯಲ್ಲಿ ಅಜ್ಜ. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಬಾವಿಯೊಂದಕ್ಕೆ ಬಿದ್ದಿತ್ತು. ಮೇಲೆತ್ತಿ, ಕೊರಳಿಗೆ ಪಟ್ಟಿ ಕಟ್ಟಿ, ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರು. ಅದು ಅಲ್ಲಿ ನಿಲ್ಲಲಿಲ್ಲ. ಹೆದ್ದಾರಿ ದಾಟಿ, ರೈಲು ಹಳಿ ದಾಟಿ, ವಸಾಯಿ ಖಾರಿಯ ನೀರನ್ನೂ ದಾಟಿ, ನೂರು ಕಿ.ಮೀ.ಗೂ ಜಾಸ್ತಿ ನಡೆದು ಮುಂಬೈ ಕಾಡು ಸೇರಿತು. ದಾರಿಯಲ್ಲಿ ಯಾರಿಗೂ ಏನೂ ಮಾಡಲಿಲ್ಲ. 2011ರಲ್ಲಿ ಮುಂಬೈ ಹತ್ತಿರದ ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತಿತು.

ವರ್ಗಾವಣೆ ಆದ ಸರ್ಕಾರಿ ನೌಕರನೂ ಹೊಸ ಊರಿನಲ್ಲಿ ಹಾಲಿನವನು ಯಾರು, ಕರೆಂಟ್ ಯಾವಾಗ ಹೋಗುತ್ತದೆ ಅಂತ ತಿಳಿಯುವಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ. ಎಲ್ಲಿ ಬೇಕಾದರೂ ಬದುಕುವ ಸಾಮರ್ಥ್ಯ ಇದೆ ಅಂದ ಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಎತ್ತಿಹಾಕಬಹುದು ಅಂತಲ್ಲ. ಈ ವ್ಯತ್ಯಾಸ ಆಫೀಸುಗಳ ಎಚ್‌ಆರ್‌ ವಿಭಾಗದವರಿಗೂ ಯಾರಾದರೂ ಹೇಳಬೇಕು.

ಹೊಂದಿಕೊಳ್ಳುವುದನ್ನು ಬರೀ ಹೊಗಳುತ್ತಾ ಹೋಗಲು ನನಗೆ ಮನಸ್ಸಿಲ್ಲ. 2022-23ರ ಕೆಲವೇ ತಿಂಗಳಲ್ಲಿ ಟಿ. ನರಸೀಪುರ ತಾಲೂಕಿನಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ತರು. ಅದರಲ್ಲಿ ಕಾಲೇಜು ಓದುವವರೂ ಇದ್ದರು, ಪುಟ್ಟ ಹುಡುಗನೂ ಇದ್ದ. ಆ ಮನೆಗಳ ಮುಂದೆ ನಿಂತು "ಚಿರತೆಯಿಂದ ಪಾಠ ಕಲಿಯೋಣ" ಅಂದರೆ ಕೆನ್ನೆಗೆ ಬಾರಿಸುತ್ತಾರೆ, ಬಾರಿಸಬೇಕು ಕೂಡ. ಒಂದು ಪ್ರಾಣಿ ನಮ್ಮ ಇಷ್ಟು ಹತ್ತಿರ ಬದುಕುತ್ತದೆ ಅಂದರೆ ಹೆಚ್ಚಿನ ದಿನ ಏನೂ ಆಗುವುದಿಲ್ಲ. ಆಗುವ ಆ ಒಂದು ದಿನಕ್ಕೆ ಬೆಲೆ ಕೊಡುವವರು ಹೊಲದ ಬದುವಿನ ಮನೆಯವರು, ಕುರಿ ಕಾಯುವವರು. ಪಟ್ಟಣದಲ್ಲಿ ಕೂತು ಫೋಟೋ ಲೈಕ್ ಮಾಡುವ ನನ್ನಂಥವರಲ್ಲ.

ಪ್ರಾಣಿಯ ಕಡೆಯಿಂದಲೂ ಅಷ್ಟೇ. ಸಿಂಗಳೀಕ ಗೊತ್ತಲ್ಲ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲದ ಕೋತಿ. ಮರದಿಂದ ಮರಕ್ಕೆ ಹೋಗುವ, ನೆಲಕ್ಕೆ ಇಳಿಯುವುದೇ ಅಪರೂಪ ಅನ್ನುವ ಜೀವ. ಹೊಂದಿಕೊಳ್ಳಲು ಬಾರದ ಪ್ರಾಣಿ ಅಂತ ಪುಸ್ತಕಗಳಲ್ಲಿ ಅದನ್ನೇ ತೋರಿಸುತ್ತಿದ್ದರು. ತಮಿಳುನಾಡಿನ ವಾಲ್ಪಾರೈನಲ್ಲಿ ಕಾಡು ತುಂಡು ತುಂಡಾಗಿ ನಡುವೆ ಟೀ ತೋಟ, ರಸ್ತೆ ಬಂದ ಮೇಲೆ ಒಂದು ಗುಂಪು ಅದನ್ನೂ ಕಲಿಯಿತು. ನೆಲಕ್ಕೆ ಇಳಿಯಿತು, ಮನೆಗಳ ಹೆಂಚು ತೆಗೆದು ಅಡುಗೆಮನೆಗೆ ನುಗ್ಗಿತು, ರಸ್ತೆ ದಾಟುವಾಗ ಗಾಡಿಗಳಿಗೆ ಸಿಕ್ಕಿತು. ಈಗ ಅಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ, ಸಿಂಗಳೀಕಗಳು ಅದರ ಮೇಲೆ ಓಡಾಡುತ್ತವೆ. ಅಡ್ಜಸ್ಟ್ ಮಾಡಿಕೊಂಡಿದೆಯಲ್ಲ, ಸುಖವಾಗಿದೆ ಅಂತ ದೂರದಿಂದ ನೋಡಿ ತೀರ್ಮಾನ ಮಾಡುವುದು ಸುಲಭ. ಸೊಸೆಯಂದಿರ ಬಗ್ಗೆ ನಮ್ಮ ಮನೆಗಳಲ್ಲಿ ಇಂಥ ತೀರ್ಮಾನ ದಿನಾ ಆಗುತ್ತದೆ.

ದೊಡ್ಡಪ್ಪ ಈಚೆಗೆ ಕೊಟ್ಟಿಗೆಗೆ ತಗಡಿನ ಬಾಗಿಲು ಹಾಕಿಸಿದ್ದಾರೆ. ಮೇಕೆಗಳನ್ನು ಸಂಜೆಯೇ ಒಳಗೆ ಕೂಡುತ್ತಾರೆ. ರಾತ್ರಿ ನೀರು ಬಿಡಲು ಹೋದರೆ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು, ಟಾರ್ಚ್ ಬಿಟ್ಟುಕೊಂಡು ಹೋಗುತ್ತಾರೆ. ಇದು ಅವರ ಕಡೆಯ ಅಡ್ಜಸ್ಟ್‌ಮೆಂಟ್.

ಹೋದ ಸಲ ಕಬ್ಬು ಕಟಾವಿಗೆ ನಾನೂ ಹೋಗಿದ್ದೆ. ಕಾರ್ಖಾನೆಯಿಂದ ಕಟಾವಿಗೆ ಪರ್ಮಿಟ್ ಸಿಕ್ಕಿ, ಆಳುಗಳು ಬಂದು, ಲಾರಿ ಬೆಳಿಗ್ಗೆಯೇ ನಿಂತಿತ್ತು. ಹತ್ತು ಗಂಟೆ ಹೊತ್ತಿಗೆ ಗದ್ದೆಯ ನಡುವಿನಿಂದ ಒಬ್ಬಾಕೆ ಕೂಗಿದಳು. ತರಗಿನ ಮೇಲೆ ಎರಡು ಮರಿ. ಕಣ್ಣು ಆಗಷ್ಟೇ ಬಿಟ್ಟಂತಿತ್ತು, ಮೈಬಣ್ಣ ಬೂದಿಯ ಹಾಗೆ. ಎತ್ತಿಕೊಳ್ಳಲು ಹೋದ ಹುಡುಗನ ಕೈ ಮೇಲೆ ದೊಡ್ಡಪ್ಪ ಕಬ್ಬಿನ ಜಲ್ಲೆಯಿಂದ ಒಂದು ಬಿಟ್ಟರು. ಕೆಲಸ ನಿಂತಿತು. ಅರಣ್ಯ ಇಲಾಖೆಯವರು ಬಂದರು, ಮರಿಗಳನ್ನು ನೋಡಿದರು, ಎಲ್ಲರನ್ನೂ ದೂರ ಕಳಿಸಿದರು. ಕತ್ತಲಾಗುವ ಮೊದಲು ಅದೇ ಜಾಗದಲ್ಲಿ ಒಂದು ಕ್ರೇಟಿನೊಳಗೆ ತರಗು ಹಾಸಿ ಮರಿಗಳನ್ನು ಬಿಟ್ಟು, ಎದುರಿಗೆ ಒಂದು ಕ್ಯಾಮೆರಾ ಕಟ್ಟಿ ಹೋದರು.

ಲಾರಿ ಖಾಲಿ ವಾಪಸ್ ಹೋಯಿತು. ಆಳುಗಳ ಆ ದಿನದ ಕೂಲಿ ದೊಡ್ಡಪ್ಪನ ತಲೆಗೇ ಬಂತು. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಗೊಣಗುತ್ತಿದ್ದರು.

ಬೆಳಿಗ್ಗೆ ಇಲಾಖೆಯ ಹುಡುಗ ಕ್ಯಾಮೆರಾದ ಫೋಟೋ ತೋರಿಸಿದ. ರಾತ್ರಿ 8.40ಕ್ಕೆ ತಾಯಿ ಬಂದು ಒಂದನ್ನು ಕುತ್ತಿಗೆಯಲ್ಲಿ ಕಚ್ಚಿಕೊಂಡು ಹೋಗಿತ್ತು. ಇನ್ನೊಂದಕ್ಕೆ ವಾಪಸ್ ಬಂದದ್ದು 11 ದಾಟಿದ ಮೇಲೆ. ದೊಡ್ಡಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಎತ್ಲಾಗ್ ಹೋಯ್ತು ಗೊತ್ತೇನಪ್ಪಾ?"

ಹುಡುಗ ನಾಲೆಯಾಚೆ ಪಕ್ಕದವರ ಕಬ್ಬಿನ ಕಡೆ ಕೈ ತೋರಿಸಿದ. ಅವರಿಗೆ ಪರ್ಮಿಟ್ ಸಿಗಲು ಇನ್ನೂ ಎರಡು ತಿಂಗಳಿತ್ತು.